ಬಾಡಿ ಕ್ಯಾಮೆರಾದಿಂದ ಪೊಲೀಸ್ ವರದಿಯವರೆಗೆ: ಕೃತಕ ಬುದ್ಧಿಮತ್ತೆಯ ಕರಡನ್ನು ಎಚ್ಚರದಿಂದ ಬಳಸುವ ಬಗೆ

ಪಾಳಿ ಮುಗಿದರೂ ಗಸ್ತಿನ ಅಧಿಕಾರಿಯನ್ನು ಮನೆಗೆ ಬಿಡದ ಕೆಲಸವೊಂದಿದೆ: ವರದಿ ಬರೆಯುವುದು. ಜಗಳ ಬಿಡಿಸಿದ್ದು ಹತ್ತು ನಿಮಿಷ, ಅದನ್ನು ಬರೆದದ್ದು ಒಂದು ಗಂಟೆ ಎಂಬ ದೂರು ಪೊಲೀಸರಲ್ಲಿ ಬಹಳ ಹಳೆಯದು. ಎದೆಯ ಮೇಲಿನ ಕ್ಯಾಮೆರಾ ದಾಖಲಿಸಿದ ಮಾತುಕತೆಯನ್ನು ಕೊಟ್ಟರೆ ಅದೇ ವರದಿಯ ಕರಡನ್ನು ಕೆಲವೇ ಸೆಕೆಂಡುಗಳಲ್ಲಿ ಬರೆದುಕೊಡುವ ತಂತ್ರಾಂಶಗಳು ಈಗ ಬಂದಿವೆ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 2024ರಲ್ಲಿ ಇಂಥ ತಂತ್ರಾಂಶ ಒಂದು ಕರಡನ್ನು ಎಂಟು ಸೆಕೆಂಡಿನಲ್ಲಿ ಸಿದ್ಧಪಡಿಸಿತ್ತು.

ಎಂಟು ಸೆಕೆಂಡಿನಲ್ಲಿ ಹುಟ್ಟಿದ ಆ ಪುಟಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಯೋಚಿಸಿ. ಆರೋಪ ಹೊರಿಸಬೇಕೇ ಎಂದು ಸರ್ಕಾರಿ ಅಭಿಯೋಜಕರು ನಿರ್ಧರಿಸುವುದು ಅವುಗಳನ್ನು ಓದಿ. ಜಾಮೀನಿನ ವಿಚಾರಣೆಯಲ್ಲಿ ನ್ಯಾಯಾಧೀಶರ ಮುಂದಿರುವುದೂ ಅವೇ. ಅಮೆರಿಕದಲ್ಲಿ ಬಹುಪಾಲು ಪ್ರಕರಣಗಳು ವಿಚಾರಣೆಯವರೆಗೆ ಹೋಗದೆ ತಪ್ಪೊಪ್ಪಿಗೆಯ ಒಪ್ಪಂದದಲ್ಲೇ ಮುಗಿಯುತ್ತವೆ. ಹಾಗಾಗಿ ಆ ವಿಡಿಯೊವನ್ನು ಪೂರ್ತಿಯಾಗಿ ಯಾರೂ ನೋಡದೆಯೇ ಒಬ್ಬ ಮನುಷ್ಯನ ಬದುಕಿನ ದಿಕ್ಕು ತೀರ್ಮಾನವಾಗಿಬಿಡಬಹುದು. ಈ ಮಾರ್ಗದರ್ಶಿಯನ್ನು ನಾನು ಬರೆಯುತ್ತಿರುವುದು ಈ ಕಾರಣಕ್ಕಾಗಿ. ಕರಡನ್ನು ಬಳಸುವ ಅಧಿಕಾರಿ, ಅದನ್ನು ಪರಿಶೀಲಿಸುವ ಮೇಲಧಿಕಾರಿ, ಇಲಾಖೆಗೆ ನಿಯಮ ರೂಪಿಸುವವರು, ಈ ಮೂವರಿಗೂ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಅಧಿಕಾರಿಯ ನೆನಪು ಮೊದಲು ಕಾಗದಕ್ಕೆ ಇಳಿಯಬೇಕು, ಯಂತ್ರದ ಕರಡು ಆಮೇಲೆ ತೆರೆಯಬೇಕು. ಈ ಕ್ರಮ ತಲೆಕೆಳಗಾದರೆ ಕೆಳಗಿನ ಉಳಿದ ಯಾವ ಹಂತವೂ ವರದಿಯನ್ನು ಕಾಪಾಡಲಾರದು.

ಯಂತ್ರ ಕೇಳುತ್ತದೆ, ನೋಡುವುದಿಲ್ಲ

ಕೆಲಸದ ರೀತಿ ತಿಳಿಯದೆ ಸಾಧನವನ್ನು ಕೈಗೆತ್ತಿಕೊಳ್ಳಬಾರದು. ಈ ಕ್ಷೇತ್ರದಲ್ಲಿ ಹೆಚ್ಚು ಚರ್ಚೆಯಾಗಿರುವುದು ಆಕ್ಸಾನ್ ಕಂಪನಿಯ ‘ಡ್ರಾಫ್ಟ್ ಒನ್’. ಬಾಡಿ ಕ್ಯಾಮೆರಾಗಳನ್ನೂ ವಿದ್ಯುತ್ ಆಘಾತ ಕೊಡುವ ಟೇಸರ್‌ಗಳನ್ನೂ ಮಾರುವ ಈ ಕಂಪನಿ ಅದನ್ನು 2024ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ಅದು ಕ್ಯಾಮೆರಾದ ಧ್ವನಿಯನ್ನು ಮೊದಲು ಅಕ್ಷರರೂಪಕ್ಕೆ ತರುತ್ತದೆ. ಆ ಅಕ್ಷರರೂಪವನ್ನು ಓಪನ್‌ಎಐ ಕಂಪನಿಯ ಭಾಷಾ ಮಾದರಿಯೊಂದರ ಮೂಲಕ ಹಾಯಿಸಿ, ‘ನಾನು ಸ್ಥಳಕ್ಕೆ ಹೋದೆ, ಅವರು ಹೀಗೆಂದರು’ ಎಂಬ ಧಾಟಿಯ ನಿರೂಪಣೆಯನ್ನು ಕೊಡುತ್ತದೆ. ನಡುನಡುವೆ ಅಧಿಕಾರಿಯೇ ತುಂಬಬೇಕಾದ ಖಾಲಿ ಜಾಗಗಳನ್ನು ಬಿಟ್ಟಿರುತ್ತದೆ.

ದೃಶ್ಯವನ್ನು ಅದು ಓದುವುದಿಲ್ಲ. ಹೆಸರಿನಲ್ಲಿ ಕ್ಯಾಮೆರಾ ಇದ್ದರೂ ಕರಡು ಹುಟ್ಟುವುದು ಮೈಕ್ರೊಫೋನಿನಿಂದ. ಕೈ ಎಲ್ಲಿತ್ತು, ಬಾಗಿಲು ಮುರಿದಿತ್ತೇ, ನೆಲದ ಮೇಲೆ ಏನಿತ್ತು, ಮಗು ಯಾವ ಮೂಲೆಯಲ್ಲಿ ನಿಂತಿತ್ತು, ಇವು ಯಾವುದನ್ನೂ ಯಾರಾದರೂ ಬಾಯಿಬಿಟ್ಟು ಹೇಳದ ಹೊರತು ಕರಡಿನಲ್ಲಿ ಸಿಗುವುದಿಲ್ಲ. ಮೌನದಲ್ಲಿ ನಡೆದದ್ದು ಯಂತ್ರದ ಪಾಲಿಗೆ ನಡೆದೇ ಇಲ್ಲ.

ಇನ್ನೊಂದು ಸಂಗತಿಯನ್ನು ಹಲವರು ಮರೆಯುತ್ತಾರೆ. ಅನೇಕ ಬಾಡಿ ಕ್ಯಾಮೆರಾಗಳು ಗುಂಡಿ ಒತ್ತುವುದಕ್ಕೆ ಮುಂಚಿನ ಸ್ವಲ್ಪ ಹೊತ್ತಿನ ದೃಶ್ಯವನ್ನೂ ಉಳಿಸಿಕೊಳ್ಳುತ್ತವೆ. ಆಕ್ಸಾನ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇದು 30 ಸೆಕೆಂಡು. ಆದರೆ ಆ ತುಣುಕಿನಲ್ಲಿ ಸಾಮಾನ್ಯವಾಗಿ ಧ್ವನಿ ಇರುವುದಿಲ್ಲ. ಜಗಳ ಹೊತ್ತಿಕೊಂಡದ್ದು ಆ 30 ಸೆಕೆಂಡಿನಲ್ಲೇ ಆಗಿದ್ದರೆ ಕರಡು ಕಥೆಯನ್ನು ನಡುವಿನಿಂದ ಶುರುಮಾಡುತ್ತದೆ. ಓದಲು ಮಾತ್ರ ಅದು ಆರಂಭದಂತೆಯೇ ಇರುತ್ತದೆ.

ಹಂತ 1: ಯಾವ ಘಟನೆಗೆ ಬಳಸಬಾರದು ಎಂಬುದನ್ನು ಮೊದಲು ಬರೆದಿಡಿ

ಒಕ್ಲಹೋಮ ಸಿಟಿಯ ಪೊಲೀಸರು ಆರಂಭದಲ್ಲಿ ಈ ತಂತ್ರಾಂಶವನ್ನು ಬಂಧನವಿಲ್ಲದ ಸಣ್ಣ ಘಟನೆಗಳಿಗೆ ಮಾತ್ರ ಸೀಮಿತಗೊಳಿಸಿದರು. ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಅಂಥ ಮಿತಿ ಇರಲಿಲ್ಲ. ಮೊದಲನೆಯದೇ ಸರಿಯಾದ ದಾರಿ ಎಂದು ನಾನು ನಂಬುತ್ತೇನೆ. ಕಳೆದುಹೋದ ಸೈಕಲ್, ಗಾಯಗಳಿಲ್ಲದ ವಾಹನ ಅಪಘಾತ, ಅಂಗಡಿಯ ಗಾಜು ಒಡೆದ ದೂರು, ಇಂಥವುಗಳಿಂದ ಶುರುಮಾಡಿ.

ಬಲಪ್ರಯೋಗ, ಸಾವು, ಲೈಂಗಿಕ ದೌರ್ಜನ್ಯ, ಮಕ್ಕಳ ಹೇಳಿಕೆ, ಕೌಟುಂಬಿಕ ಹಿಂಸೆ, ದುಭಾಷಿಯ ಮೂಲಕ ನಡೆದ ಮಾತುಕತೆ, ಇವುಗಳನ್ನು ಪಟ್ಟಿಯಿಂದ ಹೊರಗಿಡಿ. ಕೌಟುಂಬಿಕ ಹಿಂಸೆಯ ಬಗ್ಗೆ ಒಂದು ಮಾತು. ಅಲ್ಲಿ ಜೋರಾಗಿ ಮಾತನಾಡುವವರೇ ಬಹಳ ಸಲ ಹೊಡೆದವರೂ ಆಗಿರುತ್ತಾರೆ. ಹೊಡೆಸಿಕೊಂಡವರು ತಲೆ ತಗ್ಗಿಸಿ ನಿಂತಿರುತ್ತಾರೆ, ಕೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಧ್ವನಿಯನ್ನಷ್ಟೇ ನಂಬಿದ ಕರಡಿನಲ್ಲಿ ಯಾರ ಮಾತು ತುಂಬಿರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಹಂತ 2: ಅಭಿಯೋಜಕರನ್ನು ಕೇಳಿ, ಕಾನೂನನ್ನು ನೋಡಿ

ತಂತ್ರಾಂಶ ಖರೀದಿಸಿದ ಮೇಲೆ ಅಭಿಯೋಜಕರ ಕಚೇರಿಗೆ ತಿಳಿಸುವುದು ತಲೆಕೆಳಗಿನ ಕ್ರಮ. ಸಿಯಾಟಲ್ ನಗರವನ್ನು ಒಳಗೊಂಡ ಕಿಂಗ್ ಕೌಂಟಿಯ ಅಭಿಯೋಜಕರ ಕಚೇರಿ 2024ರ ಸೆಪ್ಟೆಂಬರ್‌ನಲ್ಲಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಬರೆದ ನಿರೂಪಣೆಗಳನ್ನು ಸ್ವೀಕರಿಸುವುದಿಲ್ಲ ಎಂದು ಪೊಲೀಸ್ ಇಲಾಖೆಗಳಿಗೆ ತಿಳಿಸಿತು. ಅದು ಕೊಟ್ಟ ಉದಾಹರಣೆ ಗಮನಾರ್ಹ: ಬೇರೆಲ್ಲ ರೀತಿಯಿಂದ ಚೆನ್ನಾಗಿದ್ದ ವರದಿಯೊಂದರಲ್ಲಿ, ಸ್ಥಳದಲ್ಲೇ ಇರದಿದ್ದ ಅಧಿಕಾರಿಯೊಬ್ಬರ ಉಲ್ಲೇಖ ಸೇರಿಕೊಂಡಿತ್ತು. ವರದಿ ಕೆಟ್ಟದಾಗಿದ್ದರೆ ಆ ತಪ್ಪು ಬೇಗ ಕಣ್ಣಿಗೆ ಬೀಳುತ್ತಿತ್ತು. ಚೆನ್ನಾಗಿದ್ದ ವರದಿಯಲ್ಲಿ ಅದು ಸುಲಭವಾಗಿ ಅಡಗಿಕೊಂಡಿತು.

ಕಾನೂನುಗಳೂ ಬರತೊಡಗಿವೆ. ಯೂಟಾ ರಾಜ್ಯ 2025ರಲ್ಲಿ, ವರದಿಯಲ್ಲಿ ಕೃತಕ ಬುದ್ಧಿಮತ್ತೆ ಬಳಸಿದ್ದರೆ ಅದನ್ನು ತಿಳಿಸಬೇಕು ಎಂದು ವಿಧಿಸಿತು. ಕ್ಯಾಲಿಫೋರ್ನಿಯಾದ ಎಸ್‌ಬಿ 524 ಎಂಬ ಕಾಯ್ದೆ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಬಳಕೆಯನ್ನು ವರದಿಯಲ್ಲೇ ಘೋಷಿಸಬೇಕು, ಅಧಿಕಾರಿ ಸಹಿ ಮಾಡಿ ದೃಢೀಕರಿಸಬೇಕು, ಯಂತ್ರ ಕೊಟ್ಟ ಮೊದಲ ಕರಡನ್ನು ಅಂತಿಮ ವರದಿ ಇರುವಷ್ಟು ಕಾಲವೂ ಕಾಪಾಡಬೇಕು. ನಿಮ್ಮ ಊರಿನಲ್ಲಿ ಇಂಥ ಕಾನೂನು ಇಲ್ಲದಿದ್ದರೂ ಈ ಮೂರನ್ನು ಇಲಾಖೆಯ ನಿಯಮವಾಗಿಯೇ ಮಾಡಿಕೊಳ್ಳಿ. ಮೊದಲ ಕರಡಿನ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಇದೇ ಹಂತದಲ್ಲಿ ಇನ್ನೊಂದು ಬಾಗಿಲನ್ನು ಭದ್ರವಾಗಿ ಮುಚ್ಚಬೇಕು: ಸಾರ್ವಜನಿಕ ಚಾಟ್‌ಬಾಟ್‌ಗಳ ಬಳಕೆ. ಷಿಕಾಗೊದಲ್ಲಿ ವಲಸೆ ಕಾನೂನು ಜಾರಿ ಕಾರ್ಯಾಚರಣೆಯ ಬಲಪ್ರಯೋಗದ ಬಗ್ಗೆ ಫೆಡರಲ್ ನ್ಯಾಯಾಧೀಶೆ ಸಾರಾ ಎಲ್ಲಿಸ್ 2025ರ ನವೆಂಬರ್‌ನಲ್ಲಿ ನೀಡಿದ ತೀರ್ಪಿನ ಅಡಿಟಿಪ್ಪಣಿಯೊಂದು ಈ ವಿಷಯವನ್ನೇ ಹೇಳುತ್ತದೆ. ಅಧಿಕಾರಿಯೊಬ್ಬರು ಘಟನೆಯ ಕುರಿತು ಚಿಕ್ಕದೊಂದು ವಾಕ್ಯ ಮತ್ತು ಕೆಲವು ಚಿತ್ರಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು ವರದಿಯ ನಿರೂಪಣೆ ಬರೆಸಿಕೊಂಡದ್ದು ಅವರದೇ ಬಾಡಿ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಇಂಥ ಬಳಕೆ ವರದಿಗಳ ವಿಶ್ವಾಸಾರ್ಹತೆಗೆ ಪೆಟ್ಟು ಕೊಡುತ್ತದೆ ಎಂದು ನ್ಯಾಯಾಧೀಶೆ ಗುರುತಿಸಿದರು. ಒಂದು ವಾಕ್ಯ ಕೊಟ್ಟು ಒಂದು ಪುಟ ಪಡೆದರೆ ಉಳಿದ ವಾಕ್ಯಗಳು ಎಲ್ಲಿಂದ ಬಂದವು? ಊಹೆಯಿಂದ. ಅಲ್ಲದೆ ಸಂತ್ರಸ್ತರ ಹೆಸರು, ವಿಳಾಸ, ಮುಖ ಇಲಾಖೆಯ ಹಿಡಿತದಾಚೆಗೆ ಹೋಗುತ್ತವೆ. ಅಮೆರಿಕದಲ್ಲಿ ಅಪರಾಧ ಮಾಹಿತಿಯ ಭದ್ರತೆಗೆ ಎಫ್‌ಬಿಐ ರೂಪಿಸಿದ ಪ್ರತ್ಯೇಕ ನೀತಿಯೇ ಇದೆ. ಅದಕ್ಕೆ ಒಳಪಡದ ಯಾವ ಸೇವೆಗೂ ದೃಶ್ಯ, ಧ್ವನಿ, ಹೆಸರು ಯಾವುದನ್ನೂ ಕೊಡಬಾರದು.

ಹಂತ 3: ಸ್ಥಳದಲ್ಲಿ ಬಾಯಿಬಿಟ್ಟು ಹೇಳಿ, ಆದರೆ ಕಂಡದ್ದನ್ನು ಮಾತ್ರ

ಯಂತ್ರ ಕೇಳಿಸಿಕೊಳ್ಳುವುದನ್ನಷ್ಟೇ ಬರೆಯುವುದರಿಂದ, ಕಂಡದ್ದನ್ನು ಸ್ಥಳದಲ್ಲೇ ಮಾತಿನಲ್ಲಿ ಹೇಳುವ ಅಭ್ಯಾಸವನ್ನು ಅಧಿಕಾರಿಗಳಿಗೆ ಕಲಿಸಲಾಗುತ್ತದೆ. ‘ಹಿಂಬಾಗಿಲ ಚಿಲಕ ಮುರಿದಿದೆ.’ ‘ಹುಬ್ಬಿನ ಮೇಲೆ ಎರಡು ಅಂಗುಲದ ಗಾಯ, ರಕ್ತ ಒಣಗಿದೆ.’ ಇದು ಒಳ್ಳೆಯ ಅಭ್ಯಾಸ. ಕ್ಯಾಮೆರಾವನ್ನು ಬೇಗ ಶುರುಮಾಡಿ, ಸ್ಥಳಕ್ಕೆ ಬಂದ ಕಾರಣವನ್ನು ಹೇಳಿ, ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಕೇಳಿ ಮರುಉಚ್ಚರಿಸಿ.

ಆದರೆ ಇಲ್ಲೇ ದೊಡ್ಡ ಅಪಾಯವೂ ಇದೆ. ‘ಎಡಗೈ ಜೇಬಿನಲ್ಲಿದೆ’ ಎನ್ನುವುದು ಕಂಡ ಸಂಗತಿ. ‘ಆಯುಧ ತೆಗೆಯುತ್ತಿದ್ದಾನೆ’ ಎನ್ನುವುದು ತೀರ್ಮಾನ. ಎರಡನೆಯದನ್ನು ಕೂಗಿ ಹೇಳಿದರೆ ಅದು ಧ್ವನಿಯಲ್ಲಿ ಸೇರುತ್ತದೆ, ಅಕ್ಷರರೂಪದಲ್ಲಿ ಉಳಿಯುತ್ತದೆ, ಕರಡಿನಲ್ಲಿ ನಡೆದ ಸಂಗತಿಯಾಗಿ ಕುಳಿತುಬಿಡುತ್ತದೆ. ‘ಪ್ರತಿರೋಧ ನಿಲ್ಲಿಸು’ ಎಂದು ಅಧಿಕಾರಿ ಕೂಗಿದ ಮಾತ್ರಕ್ಕೆ ಎದುರಿನವನು ಪ್ರತಿರೋಧಿಸಿದ್ದ ಎಂದೇ ಯಂತ್ರ ಬರೆಯಬಹುದು, ಏಕೆಂದರೆ ಅದರ ಬಳಿ ಬೇರೆ ಸಾಕ್ಷ್ಯವೇ ಇಲ್ಲ. ಕ್ಯಾಮೆರಾ ಅಲುಗಾಡಿ ದೃಶ್ಯ ಮಸುಕಾದ ಹೊತ್ತಿನಲ್ಲಿ ಕೂಗುವವನ ಕಥೆಯೇ ವರದಿಯ ಕಥೆಯಾಗುತ್ತದೆ. ತರಬೇತಿ ಕೊಡುವವರು ಇದನ್ನು ಮೊದಲ ದಿನವೇ ಹೇಳಿಕೊಡಬೇಕು: ಸ್ಥಳದಲ್ಲಿನ ಮಾತು ವರದಿಯನ್ನು ಗೆಲ್ಲಿಸುವ ಉಪಾಯವಾಗಬಾರದು.

ಹಿನ್ನೆಲೆಯ ಸದ್ದನ್ನೂ ಗಮನಿಸಿ. ಯೂಟಾದ ಹೀಬರ್ ಸಿಟಿಯಲ್ಲಿ ಇಂಥ ತಂತ್ರಾಂಶದ ಪರೀಕ್ಷೆ ನಡೆಯುತ್ತಿದ್ದಾಗ, ಅಧಿಕಾರಿಯೊಬ್ಬರು ಕಪ್ಪೆಯಾಗಿ ಮಾರ್ಪಟ್ಟರು ಎಂದು ಕರಡಿನಲ್ಲಿ ಬರೆಯಲಾಗಿತ್ತು. ಹಿನ್ನೆಲೆಯಲ್ಲಿ ಓಡುತ್ತಿದ್ದ ಮಕ್ಕಳ ಚಲನಚಿತ್ರದ ಧ್ವನಿಯನ್ನು ಯಂತ್ರ ಘಟನೆಯ ಭಾಗವೆಂದು ತಿಳಿದಿತ್ತು. ಆ ಸುದ್ದಿ ಓದಿ ಜನ ನಕ್ಕರು. ನನಗೆ ಹೆದರಿಕೆಯಾಯಿತು. ಟಿವಿಯಲ್ಲಿ ಓಡುತ್ತಿದ್ದುದು ಕಪ್ಪೆಯ ಕಥೆಯಲ್ಲದೆ, ಒಬ್ಬ ಇನ್ನೊಬ್ಬನಿಗೆ ‘ನಿನ್ನನ್ನು ಮುಗಿಸಿಬಿಡುತ್ತೇನೆ’ ಎನ್ನುವ ದೃಶ್ಯವಾಗಿದ್ದರೆ? ಕಪ್ಪೆಯನ್ನು ಯಾರಾದರೂ ಹಿಡಿಯುತ್ತಾರೆ. ಆ ಬೆದರಿಕೆಯನ್ನು ಹಿಡಿಯುವುದು ಕಷ್ಟ. ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಟಿವಿ, ರೇಡಿಯೊ ನಿಲ್ಲಿಸಲು ಕೇಳಿ. ಸಾಧ್ಯವಾಗದಿದ್ದರೆ ‘ಹಿನ್ನೆಲೆಯಲ್ಲಿ ಟಿವಿ ಓಡುತ್ತಿದೆ’ ಎಂದು ಹೇಳಿ ದಾಖಲಿಸಿ.

ಹಂತ 4: ಕರಡು ತೆರೆಯುವ ಮೊದಲು ನಿಮ್ಮ ನೆನಪನ್ನು ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಮನುಷ್ಯನ ನೆನಪು ವಿಡಿಯೊದಂತೆ ಹಾಗೇ ಕುಳಿತಿರುವುದಿಲ್ಲ. ಆಮೇಲೆ ಕೇಳಿದ್ದು, ಓದಿದ್ದು ಅದರೊಳಗೆ ಬೆರೆಯುತ್ತದೆ. ಸಾಕ್ಷಿಗಳ ನೆನಪಿನ ಬಗ್ಗೆ ದಶಕಗಳಿಂದ ನಡೆದ ಮನಶ್ಶಾಸ್ತ್ರದ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ನುಣುಪಾದ ವಾಕ್ಯಗಳಲ್ಲಿ, ಸರಿಯಾದ ಕ್ರಮದಲ್ಲಿ, ‘ನಾನು’ ಎಂದೇ ಶುರುವಾಗುವ ನಿರೂಪಣೆಯನ್ನು ದಣಿದ ಅಧಿಕಾರಿ ಓದಿದಾಗ ‘ಹೌದು, ಹೀಗೇ ಆಯಿತು’ ಎನ್ನಿಸುವುದು ಸಹಜ. ಅಲ್ಲಿಂದ ಮುಂದೆ ಯಾವುದು ತನ್ನ ನೆನಪು, ಯಾವುದು ಓದಿದ್ದು ಎಂದು ಅವರಿಗೇ ಬೇರ್ಪಡಿಸಲಾಗುವುದಿಲ್ಲ. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ ಹೇಳಬೇಕಾದವರು ಅವರು; ಯಂತ್ರವನ್ನು ಯಾರೂ ಪಾಟೀಸವಾಲಿಗೆ ಕರೆಯುವುದಿಲ್ಲ.

ಕಾನೂನಿನ ಕಾರಣವೂ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 1989ರ ಗ್ರಹಾಂ ವಿರುದ್ಧ ಕಾನರ್ ಪ್ರಕರಣದಲ್ಲಿ, ಅಧಿಕಾರಿಯ ಬಲಪ್ರಯೋಗವನ್ನು ಆ ಕ್ಷಣದಲ್ಲಿ ಸ್ಥಳದಲ್ಲಿದ್ದ ವಿವೇಕಯುತ ಅಧಿಕಾರಿಯ ದೃಷ್ಟಿಯಿಂದ ಅಳೆಯಬೇಕು ಎಂದಿತು. ಆ ಕ್ಷಣ ಅಧಿಕಾರಿಗೆ ಏನು ಕಂಡಿತ್ತು, ಏನು ಗೊತ್ತಿತ್ತು ಎಂಬುದೇ ಪ್ರಶ್ನೆ. ಎದೆಯ ಮೈಕ್ರೊಫೋನು ಹಿಡಿದ, ಆದರೆ ಗದ್ದಲದಲ್ಲಿ ಅಧಿಕಾರಿಯ ಕಿವಿಗೆ ಬೀಳದ ಮಾತೊಂದು ಕರಡಿನಲ್ಲಿ ಬಂದರೆ, ಅವರು ಅದನ್ನು ಕೇಳಿಯೇ ಹಾಗೆ ವರ್ತಿಸಿದರು ಎಂಬ ಸುಳ್ಳು ಚಿತ್ರ ನಿಲ್ಲುತ್ತದೆ.

ಮಾಡಬೇಕಾದ್ದು ಇಷ್ಟು. ವಾಹನದಲ್ಲಿ ಕುಳಿತು, ವಿಡಿಯೊ ನೋಡದೆ, ಕರಡು ತೆರೆಯದೆ, ಐದರಿಂದ ಹತ್ತು ನಿಮಿಷ ಬರೆಯಿರಿ. ಮೊದಲು ಏನು ಕಂಡಿತು? ಯಾವ ಕ್ಷಣದಲ್ಲಿ ಯಾವ ನಿರ್ಧಾರ ಮಾಡಿದಿರಿ, ಏಕೆ? ಆಗ ನಿಮಗೆ ಗೊತ್ತಿದ್ದದ್ದೇನು? ಯಾರನ್ನು ಎಲ್ಲಿ ಮುಟ್ಟಿದಿರಿ? ಯಾವುದು ಸ್ಪಷ್ಟವಾಗಿ ನೆನಪಿಲ್ಲ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ವಾಕ್ಯಗಳು ಚೆನ್ನಾಗಿರಬೇಕಾಗಿಲ್ಲ, ತುಂಡುತುಂಡಾಗಿದ್ದರೂ ಸರಿ. ಬರೆದ ಸಮಯ ಹಾಕಿ, ಉಳಿಸಿ, ಆಮೇಲೆ ತಿದ್ದಲಾಗದಂತೆ ಬೀಗ ಹಾಕಿ. ಈ ಟಿಪ್ಪಣಿ ಸೇರದೆ ಕರಡು ತೆರೆಯದಂತೆ ವ್ಯವಸ್ಥೆ ಮಾಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಇಷ್ಟು ಬರೆಯುವುದಾದರೆ ಯಂತ್ರ ಯಾಕೆ ಎಂದು ಕೇಳುವವರಿದ್ದಾರೆ. ಸಣ್ಣ ಘಟನೆಯಲ್ಲಿ ಈ ಟಿಪ್ಪಣಿ ನಾಲ್ಕು ಸಾಲು ಆದೀತು. ದೊಡ್ಡ ಘಟನೆಯಲ್ಲಿ ಅದೇ ವರದಿಯ ಬೆನ್ನೆಲುಬಾಗುತ್ತದೆ, ಯಂತ್ರ ಸಂಭಾಷಣೆಯ ವಿವರ ತುಂಬಿಕೊಡುತ್ತದೆ. ಆ ಪಾತ್ರ ಅದಕ್ಕೆ ಒಪ್ಪುತ್ತದೆ.

ಹಂತ 5: ಕರಡಿಗಿಂತ ಮೊದಲು ಅಕ್ಷರರೂಪವನ್ನು ಪರೀಕ್ಷಿಸಿ

ಬುನಾದಿ ಓರೆಯಾಗಿದ್ದರೆ ಗೋಡೆಗೆ ಬಣ್ಣ ಬಳಿದು ಪ್ರಯೋಜನವಿಲ್ಲ. ಧ್ವನಿಯನ್ನು ಅಕ್ಷರಕ್ಕಿಳಿಸುವಾಗ ಆಗುವ ತಪ್ಪು ಕರಡಿನಲ್ಲಿ ಒಪ್ಪವಾದ ವಾಕ್ಯವಾಗಿ ಬರುತ್ತದೆ, ಆಗ ಅದು ತಪ್ಪಿನಂತೆ ಕಾಣುವುದೇ ಇಲ್ಲ.

ಈ ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೊಸಾಫ್ಟ್ ಕಂಪನಿಗಳ ಧ್ವನಿ ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯ ಅಮೆರಿಕನ್ನರ ಮಾತಿನಲ್ಲಿ ಪದಗಳ ತಪ್ಪಿನ ಪ್ರಮಾಣ ಸರಾಸರಿ ಶೇ 19 ಇದ್ದರೆ ಕಪ್ಪು ಅಮೆರಿಕನ್ನರ ಮಾತಿನಲ್ಲಿ ಶೇ 35 ಇತ್ತು. ಓಪನ್‌ಎಐಯ ವಿಸ್ಪರ್ ಎಂಬ ವ್ಯವಸ್ಥೆಯ ಕುರಿತ 2024ರ ಅಧ್ಯಯನ ಇನ್ನೊಂದು ಬಗೆಯ ತಪ್ಪನ್ನು ಎತ್ತಿ ತೋರಿಸಿತು: ಸುಮಾರು ಶೇ 1ರಷ್ಟು ಧ್ವನಿ ತುಣುಕುಗಳಲ್ಲಿ ಯಾರೂ ಆಡದ ಇಡೀ ವಾಕ್ಯಗಳೇ ಹುಟ್ಟಿಕೊಂಡಿದ್ದವು, ಅವುಗಳಲ್ಲಿ ಶೇ 38ರಷ್ಟು ಹಿಂಸೆಯ ಮಾತು, ಸುಳ್ಳು ಸಂಬಂಧಗಳಂಥ ಹಾನಿಕರ ವಿಷಯಗಳಾಗಿದ್ದವು. ಮಾತಿನ ನಡುವೆ ಮೌನ ಹೆಚ್ಚಿದ್ದಲ್ಲಿ ಈ ಕಲ್ಪನೆಗಳೂ ಹೆಚ್ಚು ಕಂಡುಬಂದವು. ಆಘಾತಗೊಂಡವರ, ತೊದಲುವವರ, ಅಳುತ್ತ ತಡೆತಡೆದು ಮಾತನಾಡುವವರ ನಡುವೆಯೇ ಪೊಲೀಸರ ದಿನ ಕಳೆಯುತ್ತದೆ ಎಂಬುದನ್ನು ಇದರೊಂದಿಗೆ ಇಟ್ಟು ನೋಡಿ.

ಎಲ್ಲವನ್ನೂ ಕೇಳಿ ಹೋಲಿಸಲು ಸಮಯವಿಲ್ಲ ಎನ್ನುವುದು ನಿಜ. ಹಾಗಿದ್ದರೂ ನಾಲ್ಕು ಜಾಗಗಳನ್ನು ಕಿವಿಗೊಟ್ಟು ಕೇಳಲೇಬೇಕು. ಹೆಸರು, ಸಂಖ್ಯೆ, ದಿನಾಂಕ, ವಾಹನದ ನೋಂದಣಿ ಮೊದಲನೆಯದು. ಯಾರ ಮಾತು ಯಾರ ಹೆಸರಿನಲ್ಲಿದೆ ಎಂಬುದು ಎರಡನೆಯದು. ಇಬ್ಬರು ಒಟ್ಟಿಗೆ ಮಾತನಾಡಿದಾಗ ಯಂತ್ರ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕುತ್ತದೆ. ಮೂರನೆಯದು ದೀರ್ಘ ಮೌನದ ಮೊದಲು ಮತ್ತು ನಂತರ ಬಂದ ವಾಕ್ಯಗಳು. ನಾಲ್ಕನೆಯದು ಒಪ್ಪಿಗೆ, ನಿರಾಕರಣೆ ಮತ್ತು ತಪ್ಪೊಪ್ಪಿಗೆಯ ಮಾತುಗಳು.

ನಾಲ್ಕನೆಯದು ಎಷ್ಟು ಸೂಕ್ಷ್ಮ ಎಂಬುದಕ್ಕೆ ನಮ್ಮ ಭಾಷೆಯೇ ಒಳ್ಳೆಯ ಉದಾಹರಣೆ. ‘ನಾನೇ ಹೊಡೆದೆ’ ಎಂದರೆ ತಪ್ಪೊಪ್ಪಿಗೆ. ‘ನಾನೇ ಹೊಡೆದೆನೇ?’ ಎಂದರೆ ಆರೋಪವನ್ನು ನಂಬಲಾಗದೆ ಕೇಳಿದ ಪ್ರಶ್ನೆ. ‘ಒಳಗೆ ನೋಡಿ’ ಎಂದರೆ ಶೋಧಕ್ಕೆ ಒಪ್ಪಿಗೆ. ‘ಒಳಗೆ ನೋಡಬೇಡಿ’ ಎಂದರೆ ನಿರಾಕರಣೆ. ನಡುವಿನ ಒಂದೆರಡು ಅಕ್ಷರ ವಾಹನದ ಸದ್ದಿನಲ್ಲಿ ಮುಳುಗಿದರೆ ಸಾಕು. ಧ್ವನಿಯ ಏರಿಳಿತದಲ್ಲಿ ಅಡಗಿದ ಅರ್ಥ ಅಕ್ಷರರೂಪದಲ್ಲಿ ಉಳಿಯುವುದಿಲ್ಲ. ಇಂಥ ಮಾತುಗಳನ್ನು ಅಂತಿಮ ವರದಿಯಲ್ಲಿ ಉದ್ಧರಣ ಚಿಹ್ನೆಯೊಳಗೆ, ಆಡಿದಂತೆಯೇ ಬರೆದು, ದೃಶ್ಯದ ಸಮಯವನ್ನು ಪಕ್ಕದಲ್ಲಿ ಕೊಡಿ.

ಹಂತ 6: ಕರಡನ್ನು ವಾಕ್ಯ ವಾಕ್ಯವಾಗಿ ಬಿಡಿಸಿ

ಈಗ ಕರಡು ತೆರೆಯಬಹುದು. ಸೂಚನೆಗಳನ್ನು ಇಲಾಖೆಯೇ ಬರೆಯುವ ವ್ಯವಸ್ಥೆಯಾದರೆ ಅವು ಕಟ್ಟುನಿಟ್ಟಾಗಿರಲಿ: ‘ಅಕ್ಷರರೂಪದಲ್ಲಿ ಇರುವುದನ್ನು ಮಾತ್ರ ಬರೆ. ಉದ್ದೇಶ, ಭಾವನೆ, ಕಾರಣಗಳನ್ನು ಊಹಿಸಬೇಡ. ಅಸ್ಪಷ್ಟವಾದ ಮಾತನ್ನು ಅಸ್ಪಷ್ಟವೆಂದೇ ಗುರುತಿಸು. ಪ್ರತಿ ವಾಕ್ಯದ ಕೊನೆಯಲ್ಲಿ ಧ್ವನಿಯ ಸಮಯ ಹಾಕು. ದೃಶ್ಯದಿಂದ ತಿಳಿಯಬೇಕಾದಲ್ಲಿ ಖಾಲಿ ಬಿಡು.’ ಈ ಸೂಚನೆಗಳು ತಪ್ಪನ್ನು ಕಡಿಮೆ ಮಾಡುತ್ತವೆ, ಇಲ್ಲವಾಗಿಸುವುದಿಲ್ಲ.

ಓದುವಾಗ ಪ್ರತಿ ವಾಕ್ಯಕ್ಕೂ ಈ ಮೂರರಲ್ಲಿ ಒಂದು ಗುರುತು ಹಾಕಿ. ಒಂದು: ನನಗೇ ನೆನಪಿದೆ; ಎರಡು: ನೆನಪಿಲ್ಲ, ಆದರೆ ದೃಶ್ಯದಲ್ಲೋ ಧ್ವನಿಯಲ್ಲೋ ಇದೆ; ಮೂರು: ನೆನಪಿನಲ್ಲೂ ಇಲ್ಲ, ದೃಶ್ಯದಲ್ಲೂ ಧ್ವನಿಯಲ್ಲೂ ಇಲ್ಲ. ಮೂರನೆಯ ಗುರುತು ಬಿದ್ದ ವಾಕ್ಯ ಎಷ್ಟೇ ಚೆಂದವಿದ್ದರೂ ಹೋಗಬೇಕು. ಎರಡನೆಯದು ಉಳಿಯಬಹುದು, ಆದರೆ ‘ನಂತರ ದೃಶ್ಯವನ್ನು ನೋಡಿದಾಗ ತಿಳಿದದ್ದು’ ಎಂದು ವರದಿಯಲ್ಲೇ ಹೇಳಬೇಕು.

ಒಂದು ಕಲ್ಪಿತ ಉದಾಹರಣೆ ನೋಡೋಣ. ಸಣ್ಣ ದೂರೆಂದು ಹೋದ ಅಧಿಕಾರಿಯ ಕ್ಯಾಮೆರಾದಲ್ಲಿ ಹೀಗಿದೆ ಎಂದುಕೊಳ್ಳಿ:

ಅಧಿಕಾರಿ: ಕೈಗಳು ನನಗೆ ಕಾಣುವಂತಿರಲಿ.
ವ್ಯಕ್ತಿ: ನಾನೇನು ಮಾಡಿದೆ? ಕೈ ನೋಯುತ್ತಿದೆ, ಬಿಡಿ.
ಅಧಿಕಾರಿ: ಎಳೆದಾಡಬೇಡಿ, ಎಳೆದಾಡಬೇಡಿ.
(14 ಸೆಕೆಂಡು ಮಾತಿಲ್ಲ)
ಅಧಿಕಾರಿ: ಆಯಿತು, ಕುಳಿತುಕೊಳ್ಳಿ.

ಯಂತ್ರ ಕೊಡಬಹುದಾದ ಕರಡು: ‘ಕೈಗಳನ್ನು ತೋರಿಸುವಂತೆ ನಾನು ಸೂಚಿಸಿದೆ. ವ್ಯಕ್ತಿಯು ಸೂಚನೆಯನ್ನು ಪಾಲಿಸದೆ ಪ್ರತಿರೋಧ ಒಡ್ಡಿದನು. ಪ್ರತಿರೋಧ ನಿಲ್ಲಿಸುವಂತೆ ಹಲವು ಬಾರಿ ಹೇಳಿದ ನಂತರ ಆತನನ್ನು ನಿಯಂತ್ರಣಕ್ಕೆ ತೆಗೆದುಕೊಳ್ಳಲಾಯಿತು.’

ಓದಲು ನಿಜವಾದ ಪೊಲೀಸ್ ವರದಿಯಂತೆಯೇ ಇದೆ. ಅದೇ ಇದರ ದೋಷ: ಸಾವಿರಾರು ವರದಿಗಳ ಸವಕಲು ಭಾಷೆ ಈ ಒಂದು ಘಟನೆಯ ಮೇಲೆ ಬಂದು ಕುಳಿತಿದೆ. ಕೈ ನೋಯುತ್ತಿದೆ ಎಂಬ ಮಾತು ಮಾಯವಾಗಿದೆ. ಎರಡು ಸಲ ಹೇಳಿದ್ದು ‘ಹಲವು ಬಾರಿ’ ಆಗಿದೆ. ‘ಪಾಲಿಸದೆ’ ಎಂಬುದಕ್ಕೆ ಧ್ವನಿಯಲ್ಲಿ ಆಧಾರವಿಲ್ಲ. 14 ಸೆಕೆಂಡಿನ ಮೌನದಲ್ಲಿ ಏನಾಯಿತೋ ಅದೆಲ್ಲ ‘ತೆಗೆದುಕೊಳ್ಳಲಾಯಿತು’ ಎಂಬ ಒಂದು ಕರ್ಮಣಿ ಪ್ರಯೋಗದೊಳಗೆ ಹೂತುಹೋಗಿದೆ. ಯಾರು, ಹೇಗೆ ಎಂಬುದಿಲ್ಲ.

ನೆನಪಿನ ಟಿಪ್ಪಣಿಯನ್ನೂ ದೃಶ್ಯವನ್ನೂ ಮುಂದಿಟ್ಟುಕೊಂಡು ತಿದ್ದಿದರೆ ಹೀಗಾಗಬಹುದು: ‘ಕೈಗಳು ನನಗೆ ಕಾಣುವಂತಿರಲಿ ಎಂದು ಹೇಳಿ ಅವರ ಬಲ ಮಣಿಕಟ್ಟನ್ನು ಹಿಡಿದೆ. “ನಾನೇನು ಮಾಡಿದೆ? ಕೈ ನೋಯುತ್ತಿದೆ, ಬಿಡಿ” ಎಂದು ಅವರು ಹೇಳಿದರು. ಅವರು ತೋಳನ್ನು ತಮ್ಮ ಎದೆಯ ಕಡೆಗೆ ಎಳೆದುಕೊಂಡರು. “ಎಳೆದಾಡಬೇಡಿ” ಎಂದು ಎರಡು ಬಾರಿ ಹೇಳಿದೆ. ನಂತರ ಅವರ ಎಡಗೈಯನ್ನೂ ಹಿಡಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ತಂದು ಕೈಕೋಳ ಹಾಕಿದೆ. ಅವರ ಬಲ ಮಣಿಕಟ್ಟಿನಲ್ಲಿ ಮೊದಲೇ ಗಾಯವಿತ್ತೇ ಎಂದು ನಾನು ಆಗ ಕೇಳಲಿಲ್ಲ.’ ಈ ವರದಿಯನ್ನು ಓದಿದ ನ್ಯಾಯಾಧೀಶರು ತಮ್ಮ ತೀರ್ಮಾನಕ್ಕೆ ತಾವೇ ಬರಬಹುದು. ಮೊದಲ ಕರಡಿನಲ್ಲಿ ತೀರ್ಮಾನ ಆಗಲೇ ಮುಗಿದಿತ್ತು.

ಗಮನಿಸಿ, ಇದು ಸಣ್ಣ ದೂರಾಗಿ ಶುರುವಾಗಿ ಬಲಪ್ರಯೋಗವಾಗಿ ಬೆಳೆದ ಘಟನೆ. ಮೊದಲ ಹಂತದ ಪಟ್ಟಿಯ ಪ್ರಕಾರ ಇಂಥಲ್ಲಿ ಕರಡನ್ನು ಬದಿಗಿಟ್ಟು ಕೈಯಾರೆ ಬರೆಯಬೇಕು. ಘಟನೆ ಸ್ವರೂಪ ಬದಲಿಸಿದಾಗ ಏನು ಮಾಡಬೇಕು ಎಂಬುದನ್ನೂ ನಿಯಮದಲ್ಲಿ ಸೇರಿಸಿ.

ಖಾಲಿ ಜಾಗಗಳ ಬಗ್ಗೆ ಚುಟುಕಾಗಿ: ಗೊತ್ತಿದ್ದರೆ ತುಂಬಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ. ಖಾಲಿ ಜಾಗ ಮನುಷ್ಯನನ್ನು ಕೆಣಕುತ್ತದೆ, ಏನಾದರೂ ತುಂಬಿ ಮುಗಿಸೋಣ ಎನ್ನಿಸುತ್ತದೆ. ಬೆಳಕು, ದೂರ, ವಾಸನೆ, ಕೈಗಳ ಸ್ಥಾನ, ಮುಖಭಾವ, ಇವು ಧ್ವನಿಯಲ್ಲಿ ಇರುವುದಿಲ್ಲವಾದ್ದರಿಂದ ಯಂತ್ರ ಕೇಳದಿದ್ದರೂ ನೀವಾಗಿಯೇ ಸೇರಿಸಬೇಕು.

ಹಂತ 7: ಮೇಲಧಿಕಾರಿಯ ಪರಿಶೀಲನೆ

ವ್ಯಾಕರಣ ತಪ್ಪಿಲ್ಲದ ವರದಿಯನ್ನು ಮೇಲಧಿಕಾರಿಗಳು ಬೇಗ ಅನುಮೋದಿಸುತ್ತಾರೆ. ಹಿಂದೆ ಒರಟಾದ ಬರವಣಿಗೆಯೇ ‘ಇಲ್ಲಿ ಸರಿಯಾಗಿ ಯೋಚಿಸಿಲ್ಲ’ ಎಂಬ ಸುಳಿವು ಕೊಡುತ್ತಿತ್ತು. ಆ ಸುಳಿವು ಈಗ ಇಲ್ಲ. ಆದ್ದರಿಂದ ಪ್ರತಿ ವಾರ ಕೆಲವು ವರದಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಇಡೀ ದೃಶ್ಯದೊಂದಿಗೆ ಹೋಲಿಸಿ. ಡ್ರಾಫ್ಟ್ ಒನ್‌ನಲ್ಲಿ, ಅಧಿಕಾರಿ ಓದುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಕರಡಿನಲ್ಲಿ ಬೇಕೆಂದೇ ತಪ್ಪು ವಾಕ್ಯ ಸೇರಿಸುವ, ನಿಗದಿತ ಪ್ರಮಾಣದಷ್ಟು ತಿದ್ದದೆ ಮುಂದೆ ಹೋಗಲು ಬಿಡದ ಸೌಲಭ್ಯಗಳಿವೆ. ಇವು ಆಯ್ಕೆಗೆ ಬಿಟ್ಟವು. ಇಲಾಖೆ ಬಯಸಿದರೆ ಮಾತ್ರ ಕೆಲಸ ಮಾಡುತ್ತವೆ. ಬಯಸಬೇಕು ಎಂದು ನಾನು ಹೇಳುತ್ತೇನೆ.

ಸಮಯ ಉಳಿತಾಯವನ್ನೂ ಅಳೆದು ನೋಡಿ, ಮಾರಾಟಗಾರರ ಮಾತಿಗೆ ಬಿಡಬೇಡಿ. ನ್ಯೂ ಹ್ಯಾಂಪ್‌ಷೈರ್‌ನ ಮ್ಯಾಂಚೆಸ್ಟರ್ ಪೊಲೀಸ್ ಇಲಾಖೆಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗದಲ್ಲಿ, ಈ ನೆರವಿನಿಂದ ವರದಿ ಬರೆಯುವ ವೇಗ ಹೆಚ್ಚಲಿಲ್ಲ. ಅಲಾಸ್ಕಾದ ಆಂಕರೇಜ್ ಇಲಾಖೆ ಪ್ರಾಯೋಗಿಕವಾಗಿ ಬಳಸಿ, ನಿರೀಕ್ಷಿಸಿದಷ್ಟು ಸಮಯ ಉಳಿಯದ ಕಾರಣ ಮುಂದುವರಿಸಲಿಲ್ಲ. ತುಂಬ ಸಮಯ ಉಳಿಯುತ್ತಿದೆ ಎಂದು ನಿಮ್ಮ ಅಂಕಿಗಳು ತೋರಿಸಿದರೆ, ಹಂತ 4 ಮತ್ತು 5 ನಿಜವಾಗಿ ನಡೆಯುತ್ತಿವೆಯೇ ಎಂದು ಮೊದಲು ನೋಡಿ.

ಹಂತ 8: ಘೋಷಣೆ, ಸಹಿ, ಮೊದಲ ಕರಡು

ವರದಿಯಲ್ಲಿ ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಧ್ವನಿಮುದ್ರಣದಿಂದ ಕರಡು ಬಂತು ಎಂದು ಸ್ಪಷ್ಟವಾಗಿ ಬರೆಯಿರಿ. ಸಹಿಯ ಮೇಲಿನ ಸಾಲು ನಿಜವಾಗಿರಲಿ: ‘ಈ ವರದಿಯ ಪ್ರತಿ ವಾಕ್ಯವನ್ನು ನನ್ನ ನೆನಪು ಮತ್ತು ಧ್ವನಿಮುದ್ರಣದೊಂದಿಗೆ ಹೋಲಿಸಿದ್ದೇನೆ.’ ಹೋಲಿಸದಿದ್ದರೆ ಸಹಿ ಮಾಡಬೇಡಿ.

ಇನ್ನು ಮೊದಲ ಕರಡು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ 2025ರ ಜುಲೈನಲ್ಲಿ ಪ್ರಕಟಿಸಿದ ತನಿಖಾ ವರದಿ, ಡ್ರಾಫ್ಟ್ ಒನ್ ತನ್ನ ಮೂಲ ಕರಡನ್ನು ಉಳಿಸಿಕೊಳ್ಳದಂತೆ ಆಗ ವಿನ್ಯಾಸಗೊಂಡಿತ್ತು ಎಂಬುದನ್ನು ಬೆಳಕಿಗೆ ತಂದಿತು. ಮೂಲ ಕರಡಿಲ್ಲದಿದ್ದರೆ ಯಾವ ಪದ ಅಧಿಕಾರಿಯದು, ಯಾವುದು ಯಂತ್ರದ್ದು ಎಂದು ಯಾರೂ ಹೇಳಲಾರರು. ತಪ್ಪೊಂದು ಸಿಕ್ಕಾಗ ‘ಅದು ಯಂತ್ರ ಬರೆದದ್ದು’ ಎಂದು ಅಧಿಕಾರಿ ಜಾರಿಕೊಳ್ಳಬಹುದು. ಪ್ರಾಮಾಣಿಕ ಅಧಿಕಾರಿಯಾದರೆ ತಾನು ತಿದ್ದಿದ್ದನ್ನು ತೋರಿಸಲಾಗದೆ ಸೋಲಬಹುದು. ಖರೀದಿಯ ಒಪ್ಪಂದದಲ್ಲೇ ಈ ಷರತ್ತು ಹಾಕಿ: ನೆನಪಿನ ಟಿಪ್ಪಣಿ, ಅಕ್ಷರರೂಪ, ಮೊದಲ ಕರಡು, ಪ್ರತಿ ತಿದ್ದುಪಡಿ, ಅಂತಿಮ ವರದಿ, ಈ ಐದೂ ಸಮಯದ ಗುರುತಿನೊಂದಿಗೆ ಉಳಿಯಬೇಕು, ಆರೋಪಿಯ ವಕೀಲರು ಕೇಳಿದಾಗ ಸಿಗಬೇಕು.

ಸಲ್ಲಿಸಿದ ಮೇಲೆ ತಪ್ಪು ಕಂಡರೆ

ಇದು ಆಗುತ್ತದೆ. ಆಗ ಹಳೆಯ ವರದಿಯನ್ನು ತೆರೆದು ಸದ್ದಿಲ್ಲದೆ ತಿದ್ದಬೇಡಿ. ಪೂರಕ ವರದಿ ಬರೆಯಿರಿ: ಯಾವ ವಾಕ್ಯ ತಪ್ಪು, ಸರಿ ಯಾವುದು, ಅದು ಕರಡಿನಿಂದ ಬಂದದ್ದೇ, ನೀವು ಅದನ್ನು ಯಾವಾಗ, ಹೇಗೆ ಕಂಡುಕೊಂಡಿರಿ. ಅದೇ ದಿನ ಅಭಿಯೋಜಕರಿಗೆ ತಿಳಿಸಿ. ಅಮೆರಿಕದ ಸುಪ್ರೀಂ ಕೋರ್ಟ್ 1963ರ ಬ್ರೇಡಿ ವಿರುದ್ಧ ಮೇರಿಲ್ಯಾಂಡ್ ತೀರ್ಪಿನಲ್ಲಿ, ಆರೋಪಿಗೆ ಅನುಕೂಲವಾಗುವ ಮಹತ್ವದ ಸಾಕ್ಷ್ಯವನ್ನು ಅಭಿಯೋಜನೆ ಮುಚ್ಚಿಡುವಂತಿಲ್ಲ ಎಂದಿತು. ವರದಿಯ ತಪ್ಪು ಆ ವರ್ಗಕ್ಕೆ ಸೇರುತ್ತದೆಯೇ ಎಂದು ನಿರ್ಧರಿಸುವುದು ಅಭಿಯೋಜಕರ ಕೆಲಸ; ನಿಮ್ಮ ಕೆಲಸ ತಿಳಿಸುವುದು. ಆಮೇಲೆ ಅದೇ ಬಗೆಯ ತಪ್ಪು ಬೇರೆ ವರದಿಗಳಲ್ಲೂ ಇದೆಯೇ ಎಂದು ಹಿಂದಕ್ಕೆ ಹೋಗಿ ಹುಡುಕಿ. ಒಬ್ಬ ಅಧಿಕಾರಿಯ ಮರೆವು ಒಂದು ವರದಿಯಲ್ಲಿ ನಿಲ್ಲುತ್ತದೆ, ಆದರೆ ತಂತ್ರಾಂಶದ ದೋಷ ಅದೇ ತಿಂಗಳು ಆ ಠಾಣೆಯಿಂದ ಹೊರಟ ಪ್ರತಿಯೊಂದು ವರದಿಯಲ್ಲೂ ಇರಬಹುದು, ಅವುಗಳಲ್ಲಿ ಕೆಲವರ ಜಾಮೀನು ಆಗಲೇ ತಿರಸ್ಕೃತವಾಗಿರಬಹುದು. ಹುಡುಕಾಟವನ್ನು ಅವರ ಕಡತಗಳಿಂದ ಶುರುಮಾಡಿ.